ಜಾವಾ ಜನಕ ಯಾನೆಚೆಕರು

ಪಿಂಪ್ರಿ-ಚಿಂಚವಾಡವೆಂದರೆ ಗಾಡಿ ಕಟ್ಟುವವರ ಊರು. ಹೊಟ್ಟೆಪಾಡಿಗಾಗಿ ಕನ್ನಡ ನಾಡನ್ನು ಬಿಟ್ಟು ಬಂದ ನಮ್ಮಲ್ಲಿ ಎಷ್ಟೋ ಮನೆಗಳ ದಿನಚರಿ ಇಂದಿಗೂ ಕಾರ್ಖಾನೆಯ ಪಾಳಿಯನ್ನೇ ಅನುಸರಿಸುತ್ತದೆ. ರಾಜ್ಯೋತ್ಸವದ ದಿನ ಕವಿಗಳನ್ನೂ ಅರಸರನ್ನೂ ಸ್ಮರಿಸುವುದು ವಾಡಿಕೆ. ಈ ಸಲ ನಾವು ಒಬ್ಬ ಪರದೇಶದ ಯಂತ್ರಶಿಲ್ಪಿಯನ್ನು ನೆನೆಯೋಣ. ಅವರು ತೀರಿಕೊಂಡ ಇಪ್ಪತ್ತು ವರ್ಷಗಳ ಮೇಲೆ ಅವರ ಗಾಡಿ ಮೈಸೂರಿನಲ್ಲಿ ಮರುಹುಟ್ಟು ಪಡೆದು ಕನ್ನಡಿಗರ ಮನೆಮಾತಾಯಿತು.

ಫ್ರಾಂಟಿಷೆಕ್ ಯಾನೆಚೆಕರು 1878ನೆಯ ಇಸವಿ ಜನವರಿ 23ರಂದು ಬೊಹೀಮಿಯಾ ಪ್ರಾಂತದ ಒಂದು ಸಣ್ಣ ಊರಿನಲ್ಲಿ ಜನಿಸಿದರು. ಆ ನಾಡು ಆಗ ಆಸ್ಟ್ರಿಯಾ-ಹಂಗೆರಿ ಚಕ್ರಾಧಿಪತ್ಯಕ್ಕೆ ಸೇರಿತ್ತು. 1918ರಲ್ಲಿ ಜೆಕೊಸ್ಲೊವಾಕಿಯಾ ಎಂಬ ಸ್ವತಂತ್ರ ದೇಶದ ಭಾಗವಾಯಿತು. ಯಂತ್ರವಿದ್ಯೆಯನ್ನು ಕಲಿತ ಯಾನೆಚೆಕರದು ಸದಾ ಹೊಸದನ್ನು ಹುಡುಕುವ ಬುದ್ಧಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕೈಬಾಂಬಿನಂಥ ಶಸ್ತ್ರಗಳನ್ನು ರೂಪಿಸಿ ಹೆಸರಾದರು. ಯುದ್ಧದ ಬಳಿಕ ಶಸ್ತ್ರಗಳ ಕಾರ್ಖಾನೆಯನ್ನೂ ನಡೆಸಿದರು. ಆದರೆ ಶಾಂತಿಯ ದಿನಗಳಲ್ಲಿ ಶಸ್ತ್ರಕ್ಕೆ ಬೇಡಿಕೆ ಎಲ್ಲಿಯದು? ಕೆಲಸಗಾರರ ಕೈಗೆ ಬೇರೆ ಕೆಲಸ ಕೊಡಬೇಕಾಗಿತ್ತು. ಅವರ ದೃಷ್ಟಿ ಮೋಟಾರ್ ಸೈಕಲ್ಲಿನ ಕಡೆಗೆ ಹೊರಳಿತು.

1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡರು. ತಮ್ಮ ಹೆಸರಿನ ಮೊದಲಕ್ಷರವನ್ನೂ ವಾಂಡರರಿನ ಮೊದಲಕ್ಷರವನ್ನೂ ಕೂಡಿಸಿ ಗಾಡಿಗೆ ಹೆಸರಿಟ್ಟರು. ಅವರ ನುಡಿಯಲ್ಲಿ ಅದು ಯಾವಾ. ನಮ್ಮ ಬಾಯಲ್ಲಿ ಜಾವಾ.

ಮೊದಲನೆಯ ಗಾಡಿಯೇ ಅವರಿಗೆ ಪಾಠ ಕಲಿಸಿತು. 500 ಸಿ.ಸಿ.ಯ ಭಾರಿ ಯಂತ್ರ, ಉಕ್ಕಿನ ತಗಡನ್ನು ಒತ್ತಿ ಮಾಡಿದ ಚೌಕಟ್ಟು, ನೋಡಲು ಗಂಭೀರ. ಆದರೆ ಬೆಲೆ ದುಬಾರಿ, ಎಂಜಿನ್ನಿನಲ್ಲಿ ತೊಡಕು. ಅದೇ ಸಮಯಕ್ಕೆ ಜಗತ್ತನ್ನೆಲ್ಲ ಆರ್ಥಿಕ ಮುಗ್ಗಟ್ಟು ಕವಿಯಿತು. ಕೊಳ್ಳುವವನ ಜೇಬಿಗೆ ನಿಲುಕದ ಗಾಡಿ ಎಷ್ಟು ಚೆಂದವಿದ್ದರೇನು! ಯಾನೆಚೆಕರು ಹಟ ಹಿಡಿಯಲಿಲ್ಲ. ಇಂಗ್ಲೆಂಡಿನ ಜಾರ್ಜ್ ಪ್ಯಾಚೆಟ್ ಎಂಬ ತಜ್ಞರನ್ನು ಕರೆಸಿಕೊಂಡು, 1932ರಲ್ಲಿ ವಿಲಿಯರ್ಸ್ ಎಂಜಿನ್ನಿನ 175 ಸಿ.ಸಿ. ಹಗುರ ಗಾಡಿಯನ್ನು ಹೊರತಂದರು. ಬಿಡಿಭಾಗ ಕಡಿಮೆ, ಬೆಲೆ ಕಡಿಮೆ, ಕಾಟವೂ ಕಡಿಮೆ. ಜನ ಅದನ್ನು ಮೆಚ್ಚಿ ಕೊಂಡರು. ಮುಳುಗಬೇಕಾಗಿದ್ದ ಕಾರ್ಖಾನೆ ತೇಲಿತು.

1939ರಲ್ಲಿ ಜರ್ಮನರು ಆ ನಾಡನ್ನು ಆಕ್ರಮಿಸಿಕೊಂಡರು. ಪರರ ಆಳ್ವಿಕೆಯ ನಡುವೆಯೇ 1941ರ ಜೂನ್ 4ರಂದು ಯಾನೆಚೆಕರು ಕಾಲವಾದರು. ಆದರೆ ಅವರ ಎಂಜಿನಿಯರುಗಳು ಆಳುವವರ ಕಣ್ಣುತಪ್ಪಿಸಿ 250 ಸಿ.ಸಿ.ಯ ಹೊಸ ಗಾಡಿಯೊಂದನ್ನು ರೂಪಿಸುತ್ತಿದ್ದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದು ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಎಲ್ಲರ ಕಣ್ಸೆಳೆಯಿತು. ಕಾರ್ಖಾನೆ ಸರಕಾರದ ಸ್ವತ್ತಾದರೂ ಹೆಸರು ಅಳಿಯಲಿಲ್ಲ.

ಆ ಹೆಸರೇ ಕಡಲು ದಾಟಿ ಮೈಸೂರಿಗೆ ಬಂದಿತು. ರುಸ್ತುಮ್ ಇರಾನಿ, ಫರೂಖ್ ಇರಾನಿಯವರು ಸ್ಥಾಪಿಸಿದ ಐಡಿಯಲ್ ಜಾವಾ ಕಂಪನಿಯ ಯಾದವಗಿರಿ ಕಾರ್ಖಾನೆಯಲ್ಲಿ 1961ರಲ್ಲಿ ಕೆಲಸ ಆರಂಭವಾಯಿತು. ಜಯಚಾಮರಾಜ ಒಡೆಯರ ಕೃಪೆ ಅದಕ್ಕಿತ್ತು. ಕಿಕ್ ಹೊಡೆದ ಸನ್ನೆಯನ್ನೇ ಮುಂದಕ್ಕೆ ಬಾಗಿಸಿದರೆ ಅದೇ ಗೇರಾಗುವ ಚಮತ್ಕಾರ, ಎರಡು ಸೈಲೆನ್ಸರುಗಳ ಆ ಡಬಡಬ ಸದ್ದು! ಮೈಸೂರು ರಾಜ್ಯ ಕರ್ನಾಟಕವಾದ 1973ರ ಸುಮಾರಿಗೆ ಜಾವಾ ಹೆಸರು ಹೋಗಿ ಯೆಜ್ದಿ ಎಂಬ ಹೆಸರು ಬಂದಿತು. ಗಾಡಿಯ ಜೀವ ಮಾತ್ರ ಅದೇ.

ಎಂಬತ್ತರ ದಶಕದಲ್ಲಿ ಗಾಳಿ ತಿರುಗಿತು. ಜಪಾನಿನ ಸಹಯೋಗದ 100 ಸಿ.ಸಿ. ಗಾಡಿಗಳು ಬಂದವು, ನಮ್ಮ ಆಕುರ್ಡಿಯ ಬಜಾಜ್ ಕಂಪನಿಯೂ ಕವಾಸಾಕಿಯೊಡನೆ ಕೈಜೋಡಿಸಿತು. ಕಡಿಮೆ ಪೆಟ್ರೋಲಿಗೆ ಹೆಚ್ಚು ದೂರ ಓಡುವುದೇ ಜನಕ್ಕೆ ಬೇಕಾಗಿತ್ತು. ಹೊಗೆಯ ಮೇಲಿನ ಕಾನೂನೂ ಬಿಗಿಯಾಯಿತು. ಎಣ್ಣೆ ಬೆರೆಸಿದ ಪೆಟ್ರೋಲಿನ ಹಳೆಯ ಎಂಜಿನ್ನು ಈ ಎರಡಕ್ಕೂ ಉತ್ತರ ಕೊಡಲಾರದೆ ಹೋಯಿತು. ನಷ್ಟ, ಕಾರ್ಮಿಕ ವಿವಾದಗಳ ಕೊನೆಗೆ 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. 1932ರಲ್ಲಿ ಯಾನೆಚೆಕರು ತೋರಿದ ತಿರುವು ಮೈಸೂರಿನಲ್ಲಿ ಕಾಣಲಿಲ್ಲ.

ಬಾಗಿಲು ಮುಚ್ಚಿದಾಗ ಬೀದಿಗೆ ಬಿದ್ದವರು ಕೆಲಸಗಾರರು. ನಡುದಾರಿಯಲ್ಲಿ ನಿಂತವರು ಗಿರಾಕಿಗಳು. ಗಾಡಿ ಇದೆ, ಅದಕ್ಕೆ ಬೇಕಾದ ಬಿಡಿಭಾಗವಿಲ್ಲ. ಎಷ್ಟೋ ಗಾಡಿಗಳು ಗುಜರಿಗೆ ಹೋದವು. ಆದರೆ ಕೈಬಿಡದ ಜನರೂ ಇದ್ದರು. ಹಳೆಯ ಮೆಕ್ಯಾನಿಕ್ಕುಗಳು ಒಂದು ಗಾಡಿಯ ಅಂಗವನ್ನು ತೆಗೆದು ಇನ್ನೊಂದಕ್ಕೆ ಜೀವ ಕೊಟ್ಟರು. ಸಿಗದ ಭಾಗವನ್ನು ಲೇತಿನಲ್ಲಿ ಕಡೆಸಿದರು. ಬೆಂಗಳೂರು, ಮೈಸೂರು, ಪುಣೆಗಳಲ್ಲಿ ಅಭಿಮಾನಿಗಳು ಸಂಘ ಕಟ್ಟಿದರು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಎಂಬ ಹೆಸರುಗಳು ಹೊಸ ಗಾಡಿಗಳ ಮೇಲೆ ಮರಳಿ ಬಂದವು. ತಯಾರಾದದ್ದು ಮಾತ್ರ ಮಧ್ಯಪ್ರದೇಶದ ಪೀತಂಪುರದಲ್ಲಿ. ಯಾದವಗಿರಿಯ ಕೆಲಸಗಾರನಿಗೆ ಅವನ ಕೆಲಸ ಮರಳಲಿಲ್ಲ.

ಕಾರ್ಖಾನೆಯ ಅನ್ನ ಉಣ್ಣುವ ನಮಗೆ ಇದು ದೂರದ ಕಥೆಯಲ್ಲ. ಆಕುರ್ಡಿಯಲ್ಲಿಯೂ 2007ರಲ್ಲಿ ಗಾಡಿ ತಯಾರಿಕೆ ನಿಂತದ್ದನ್ನೂ, 2022ರಲ್ಲಿ ವಿದ್ಯುತ್ ಸ್ಕೂಟರಿನಿಂದ ಅದು ಮತ್ತೆ ಆರಂಭವಾದದ್ದನ್ನೂ ನಾವು ಕಂಡಿದ್ದೇವೆ. ಗಟ್ಟಿಯಾಗಿ ಕಟ್ಟಿದ ಮಾತ್ರಕ್ಕೆ ಯಾವ ಕಾರ್ಖಾನೆಯೂ ಉಳಿಯದು. ಕೊಳ್ಳುವವನ ಕಷ್ಟವನ್ನು ಅರಿತು ಕಾಲಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳಬೇಕು. ಯಾನೆಚೆಕರ ಬಾಳಿನ ಸಾರ ಇಷ್ಟೇ. ಊರಿಗೆ ಹೋದಾಗ ಮೈಸೂರಿನ ಯಾವುದೋ ಬೀದಿಯಲ್ಲಿ ಆ ಹಳೆಯ ಸದ್ದು ಕಿವಿಗೆ ಬಿದ್ದರೆ, ಅದನ್ನು ಕಟ್ಟಿದ ಕೈಗಳನ್ನೂ ಕಾಪಾಡಿದ ಕೈಗಳನ್ನೂ ಒಮ್ಮೆ ನೆನೆಯೋಣ.