ಶೆಲ್, ಸಿ ಭಾಷೆ ಮತ್ತು ಡೆನ್ನಿಸ್ ರಿಚಿ

ಮೊಬೈಲ್ ನೋಡದವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಡೆನ್ನಿಸ್ ರಿಚಿ ಅವರ ಹೆಸರು ಎಷ್ಟು ಜನರಿಗೆ ಗೊತ್ತು?

ರಿಚಿಯವರು 1941ರ ಸೆಪ್ಟೆಂಬರ್ 9ರಂದು ಅಮೆರಿಕದ ಬ್ರಾಂಕ್ಸ್‌ವಿಲ್ ಎಂಬ ಊರಿನಲ್ಲಿ ಜನಿಸಿದರು. ಇವರ ತಂದೆ ಬೆಲ್ ಲ್ಯಾಬ್ಸ್ ಎಂಬ ಸಂಸ್ಥೆಯಲ್ಲಿ ವಿಜ್ಞಾನಿ. ರಿಚಿಯವರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ 1967ರಲ್ಲಿ ಅದೇ ಸಂಸ್ಥೆಗೆ ಸೇರಿದರು.

1969ರಲ್ಲಿ ಕೆನ್ ಥಾಂಪ್ಸನ್ ಜೊತೆ ಸೇರಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಲು ತೊಡಗಿದರು. ಆಪರೇಟಿಂಗ್ ಸಿಸ್ಟಮ್ ಅಂದ್ರೆ ಕಂಪ್ಯೂಟರಿನ ಮನೆ ಯಜಮಾನ ಇದ್ದ ಹಾಗೆ. 1972ರ ಹೊತ್ತಿಗೆ ರಿಚಿಯವರು ಸಿ ಎಂಬ ಭಾಷೆ ರಚಿಸಿದರು. 1973ರಲ್ಲಿ ಯುನಿಕ್ಸನ್ನೇ ಆ ಭಾಷೆಯಲ್ಲಿ ಮತ್ತೆ ಬರೆದರು.

ಯುನಿಕ್ಸಿನಲ್ಲಿ ಒಂದೇ ಪ್ರೋಗ್ರಾಂ ಎಲ್ಲಾ ಕೆಲಸ ಮಾಡೋದಿಲ್ಲ. ಒಂದು ಹುಡುಕುತ್ತದೆ, ಒಂದು ಎಣಿಸುತ್ತದೆ, ಇನ್ನೊಂದು ಸಾಲಾಗಿ ಜೋಡಿಸುತ್ತದೆ. ನಾವು ಟೈಪ್ ಮಾಡಿದ ಆಜ್ಞೆ ಓದಿ ಅವುಗಳನ್ನು ಕರೆಯುವುದು ಶೆಲ್. 1991ರಲ್ಲಿ ಬಂದ ಪೈಥಾನ್ ಭಾಷೆಯ ಪ್ರೋಗ್ರಾಮೂ ಶೆಲ್‌ಗೆ ಹೇಳಿ ಬೇರೆ ಪ್ರೋಗ್ರಾಂ ನಡೆಸಬಲ್ಲದು. ಅದು ಹೇಗೆ ಗೊತ್ತಾ? ಪೈಥಾನಿನ ಸಿಸ್ಟಮ್ ಎಂಬ ಆಜ್ಞೆ ಒಳಗೊಳಗೇ ಸಿ ಭಾಷೆಯ ಸಿಸ್ಟಮ್ ಆಜ್ಞೆಯನ್ನೇ ಕರೆಯುತ್ತದೆ. ಯುನಿಕ್ಸ್ ಮಾದರಿಯ ಕಂಪ್ಯೂಟರಿನಲ್ಲಿ ಆಗ ಹೊಸದೊಂದು ಮಗು ಪ್ರೋಗ್ರಾಂ ಹುಟ್ಟುತ್ತದೆ. ಆ ಮಗುವಿನ ಜಾಗದಲ್ಲಿ ಶೆಲ್ ಬಂದು ಹೇಳಿದ ಕೆಲಸ ಮಾಡಿಸುತ್ತದೆ. ಕರೆದ ಪ್ರೋಗ್ರಾಂ ಅಲ್ಲಿವರೆಗೂ ಕಾಯ್ತಾ ಇರ್ತದೆ. ಕೊನೆಗೆ ಒಂದು ಅಂಕಿ ವಾಪಸ್ ಬರ್ತದೆ. 0 ಬಂದರೆ ಕೆಲಸ ಸರಿಯಾಯ್ತು ಅಂತ. ಬೇರೆ ಅಂಕಿ ಬಂದರೆ ಏನೋ ತಪ್ಪಾಗಿದೆ ಅಂತ. ನಮಗೆ ಸೊನ್ನೆ ಬಂದ್ರೆ ಫೇಲು, ಅಲ್ಲಿ ಸೊನ್ನೆಯೇ ಪಾಸು!

ಆದರೆ ಒಂದು ಅಪಾಯ ಉಂಟು. ಅರ್ಧವಿರಾಮ ಕಂಡರೆ ಶೆಲ್ ಒಂದು ಆಜ್ಞೆ ಮುಗೀತು, ಇನ್ನೊಂದು ಶುರುವಾಯ್ತು ಎಂದು ತಿಳಿಯುತ್ತದೆ. ಫೈಲಿನ ಹೆಸರು ಕೇಳಿದಾಗ ಯಾರೋ ಕೆಟ್ಟವರು ಹೆಸರಿನ ಮುಂದೆ ಅರ್ಧವಿರಾಮ ಹಾಕಿ ಎಲ್ಲಾ ಅಳಿಸುವ ಆಜ್ಞೆ ಬರೆದರೆ, ಶೆಲ್ ಅದನ್ನೂ ಮಾಡಿಬಿಡ್ತದೆ. ಅದು ಹಿಂದೆ ಮುಂದೆ ಯೋಚಿಸೋದಿಲ್ಲ. ಆದ್ದರಿಂದ ಬೇರೆಯವರು ಕೊಟ್ಟ ಮಾತನ್ನು ಹಾಗೇ ಶೆಲ್‌ಗೆ ಒಪ್ಪಿಸಬಾರದು. ಪ್ರೋಗ್ರಾಮಿನ ಹೆಸರು, ಫೈಲಿನ ಹೆಸರು ಬೇರೆ ಬೇರೆಯಾಗಿ ಕೊಟ್ಟು, ಶೆಲ್ ಇಲ್ಲದೆ ನೇರವಾಗಿ ಕರೆಯುವ ದಾರಿಯೂ ಪೈಥಾನಿನಲ್ಲಿದೆ. ಅದೇ ಒಳ್ಳೆಯದು.

1983ರಲ್ಲಿ ರಿಚಿ ಮತ್ತು ಥಾಂಪ್ಸನ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಒಂಟಿಯಾಗಿ ವಾಸವಾಗಿದ್ದ ರಿಚಿಯವರು ತೀರಿಕೊಂಡಿದ್ದು 2011ರ ಅಕ್ಟೋಬರ್ 12ರಂದು ತಿಳಿಯಿತು. ಒಂದು ವಾರ ಮೊದಲು ಸ್ಟೀವ್ ಜಾಬ್ಸ್ ತೀರಿಕೊಂಡಾಗ ಲೋಕವೆಲ್ಲಾ ಅತ್ತಿತ್ತು. ರಿಚಿಯವರ ಸುದ್ದಿ ಅಷ್ಟು ಜನಕ್ಕೆ ಮುಟ್ಟಲಿಲ್ಲ. ಆದರೂ ಆಂಡ್ರಾಯ್ಡ್ ಮೊಬೈಲಿನ ತಿರುಳಾದ ಲಿನಕ್ಸ್ ಇಂದಿಗೂ ಬಹುಪಾಲು ಸಿ ಭಾಷೆಯಲ್ಲೇ ಇದೆ. ಹೆಸರಿಗಾಗಿ ಕಾಯದೆ ಕೆಲಸ ಮಾಡಿದ ಇಂಥವರನ್ನು ನಾವು ಮರೆಯಬಾರದು.