ಪ್ಯಾಟ್ರಿಕ್ ಕಹೂನ್

ಪ್ಯಾಟ್ರಿಕ್ ಕಹೂನ್ (ಮಾರ್ಚ್ 14, 1745 – ಏಪ್ರಿಲ್ 25, 1820) ಇವರು ಸ್ಕಾಟ್ಲೆಂಡಿನ ವ್ಯಾಪಾರಿ, ಗ್ಲಾಸ್ಗೋ ನಗರದ ಲಾರ್ಡ್ ಪ್ರೊವೋಸ್ಟ್ (ನಗರಾಧ್ಯಕ್ಷ) ಹಾಗೂ ಲಂಡನ್ನಿನ ದಂಡಾಧಿಕಾರಿ. ಥೇಮ್ಸ್ ನದಿಯಲ್ಲಿ ಹಡಗುಗಳ ಸರಕಿನ ಕಳವನ್ನು ತಡೆಯಲು 1798ರಲ್ಲಿ ಆರಂಭವಾದ ನದಿ ಪೊಲೀಸ್ ಪಡೆಯ ಸ್ಥಾಪಕರಲ್ಲಿ ಇವರು ಪ್ರಮುಖರು.

ಬಾಲ್ಯ ಮತ್ತು ವ್ಯಾಪಾರ

ಕಹೂನ್ ಸ್ಕಾಟ್ಲೆಂಡಿನ ಡಂಬಾರ್ಟನ್ ಪಟ್ಟಣದಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು, ಅಮೆರಿಕದ ವರ್ಜೀನಿಯಾಕ್ಕೆ ತೆರಳಿ ವ್ಯಾಪಾರ ಕಲಿತರು. 1766ರಲ್ಲಿ ಸ್ವದೇಶಕ್ಕೆ ಮರಳಿ ಗ್ಲಾಸ್ಗೋದಲ್ಲಿ ನಾರುಬಟ್ಟೆಯ ವಹಿವಾಟು ನಡೆಸಿದರು. 1782ರಿಂದ 1784ರವರೆಗೆ ಆ ನಗರದ ಲಾರ್ಡ್ ಪ್ರೊವೋಸ್ಟ್ ಆಗಿದ್ದರು. 1783ರಲ್ಲಿ ಗ್ಲಾಸ್ಗೋ ವಾಣಿಜ್ಯ ಸಂಘವನ್ನು ಸ್ಥಾಪಿಸಿ ಅದರ ಮೊದಲ ಅಧ್ಯಕ್ಷರಾದರು. 1789ರಲ್ಲಿ ಲಂಡನ್ನಿಗೆ ಬಂದು ನೆಲೆಸಿದ ಇವರು 1792ರಲ್ಲಿ ದಂಡಾಧಿಕಾರಿಯಾಗಿ ನೇಮಕಗೊಂಡರು.

ಥೇಮ್ಸ್ ನದಿಯ ಕಳವು

ಆಗ ಲಂಡನ್ನಿನಲ್ಲಿ ಸುಂಕದ ಸರಕು ಇಳಿಸಲು ಅನುಮತಿ ಇದ್ದ ಧಕ್ಕೆಗಳು ಬಹಳ ಕಡಿಮೆ. ದೂರದೇಶಗಳ ಹಡಗುಗಳು ನಡುಹೊಳೆಯಲ್ಲಿ ಲಂಗರು ಹಾಕಿ ವಾರಗಟ್ಟಲೆ ಕಾಯಬೇಕಾಗುತ್ತಿತ್ತು. ಸಕ್ಕರೆ, ಕಾಫಿ, ರಮ್ ಮದ್ಯ ಮೊದಲಾದವನ್ನು ಚಿಕ್ಕ ದೋಣಿಗಳಿಗೆ ಇಳಿಸಿ ದಡಕ್ಕೆ ಸಾಗಿಸುತ್ತಿದ್ದರು. ಈ ಸಾಗಾಟದ ನಡುವೆ ಕಳವು ನಡೆಯುತ್ತಿತ್ತು. ಹಡಗಿನವರಿಗೆ ತರಕಾರಿ, ರೊಟ್ಟಿ, ಮದ್ಯ ಮಾರಲು ಬರುತ್ತಿದ್ದ ಬಂಬೋಟ್ ಎಂಬ ಸಣ್ಣ ದೋಣಿಗಳು ನೀರ ಮೇಲಿನ ಕಿರಾಣಿ ಅಂಗಡಿಗಳಂತಿದ್ದವು. ಅವುಗಳಲ್ಲಿ ಕೆಲವು ಕದ್ದ ಮಾಲನ್ನು ಕೊಂಡು ಸಾಗಿಸುತ್ತಿದ್ದವು.

ಇದನ್ನು ತಡೆಯಲು 1761–62ರ ಸಂಸತ್ ಅಧಿವೇಶನದಲ್ಲಿ ಬಂಬೋಟ್ ಕಾಯಿದೆ ಜಾರಿಗೆ ಬಂದಿತ್ತು. ಅದರಂತೆ ಇಂಥ ದೋಣಿಗಳನ್ನು ಟ್ರಿನಿಟಿ ಹೌಸ್ ಸಂಸ್ಥೆಯಲ್ಲಿ ನೋಂದಾಯಿಸಬೇಕಾಗಿತ್ತು. ಆದರೆ ಕಾಯಿದೆಯ ಪಾಲನೆಯನ್ನು ನಿತ್ಯವೂ ನೋಡಿಕೊಳ್ಳುವ ಕಾವಲು ಪಡೆ ಇರಲಿಲ್ಲ. ಹೀಗಾಗಿ ಮೂರು ದಶಕಗಳಾದರೂ ಕಳವು ನಿಲ್ಲಲಿಲ್ಲ. ದಂಡ ಎಷ್ಟು ಕಠಿಣವಾದುದು ಎಂಬುದಕ್ಕಿಂತ ಕಾವಲು ಎಷ್ಟು ಸತತವಾದುದು ಎಂಬುದೇ ಮುಖ್ಯವೆಂದು ಕಹೂನ್ ವಾದಿಸಿದರು.

ನದಿ ಪೊಲೀಸ್ ಪಡೆ

ಎಸೆಕ್ಸ್ ಪ್ರಾಂತ್ಯದ ದಂಡಾಧಿಕಾರಿಯೂ ನಾವಿಕರೂ ಆಗಿದ್ದ ಜಾನ್ ಹ್ಯಾರಿಯಟ್ ನದಿ ಕಾವಲಿನ ಯೋಜನೆಯೊಂದನ್ನು ರೂಪಿಸಿದ್ದರು. ಕಹೂನ್ ಅದನ್ನು ಬೆಂಬಲಿಸಿ ಸರಕಾರದ ಮತ್ತು ವರ್ತಕರ ಒಪ್ಪಿಗೆ ಪಡೆದರು. ತತ್ತ್ವಜ್ಞಾನಿ ಜೆರೆಮಿ ಬೆಂಥಮ್ ನೆರವಾದರು. ವೆಸ್ಟ್ ಇಂಡೀಸ್ ವರ್ತಕರು ಮತ್ತು ತೋಟಗಳ ಒಡೆಯರು 4,200 ಪೌಂಡ್ ಒದಗಿಸಿದರು. 1798ರ ಜುಲೈ 2ರಂದು ವ್ಯಾಪಿಂಗ್ ಎಂಬಲ್ಲಿ ಕಚೇರಿ ತೆರೆಯಿತು. ಸುಮಾರು 50 ಜನರ ಈ ಪಡೆಗೆ 33,000 ಕೆಲಸಗಾರರಿದ್ದ ನದಿಯ ಮೇಲೆ ಕಣ್ಣಿಡುವ ಹೊಣೆ ಬಿತ್ತು. ಅವರಲ್ಲಿ 11,000 ಜನ ಕಳವಿನಲ್ಲಿ ತೊಡಗಿದ್ದರೆಂಬುದು ಕಹೂನರ ಅಂದಾಜು.

ಗಸ್ತು ದೋಣಿಗಳ ಜೊತೆಗೆ ಸರಕು ಇಳಿಸುವ ಹಮಾಲರನ್ನು ನೋಂದಾಯಿಸಿ, ನಿಗದಿತ ಕೂಲಿ ಕೊಟ್ಟು, ಕೆಲಸ ಮುಗಿದ ಮೇಲೆ ತಪಾಸಣೆ ಮಾಡುವ ಪದ್ಧತಿಯೂ ಬಂತು. ಇದರಿಂದ ವರ್ತಕರಿಗೆ ಲಾಭವಾಯಿತು. ಚೆಲ್ಲಿದ ಸಕ್ಕರೆ, ಉಳಿದ ಕಲ್ಲಿದ್ದಲು ತಮ್ಮ ಪಾಲೆಂದು ತಲೆಮಾರುಗಳಿಂದ ಒಯ್ಯುತ್ತಿದ್ದ ಕೆಲಸಗಾರರಿಗೆ ಮಾತ್ರ ಆ ರೂಢಿಯೇ ಅಪರಾಧವಾಯಿತು. 1798ರ ಅಕ್ಟೋಬರ್ 16ರಂದು ಕಲ್ಲಿದ್ದಲು ಕಳವಿನ ವಿಚಾರಣೆಯ ಬಳಿಕ ರೊಚ್ಚಿಗೆದ್ದ ಗುಂಪು ಕಚೇರಿಗೆ ಮುತ್ತಿಗೆ ಹಾಕಿತು. ಆ ಗಲಭೆಯಲ್ಲಿ ಗುಂಡೇಟು ತಗುಲಿ ಪಡೆಯ ಗೇಬ್ರಿಯಲ್ ಫ್ರಾಂಕ್ಸ್ ಅಸುನೀಗಿದರು.

1800ರಲ್ಲಿ ಸಂಸತ್ತು ಕಾಯಿದೆ ಮಾಡಿ ಈ ಪಡೆಯನ್ನು ಸರಕಾರದ ಅಧೀನಕ್ಕೆ ತಂದಿತು. 1839ರಲ್ಲಿ ಇದು ಲಂಡನ್ ಮಹಾನಗರ ಪೊಲೀಸ್ ಇಲಾಖೆಯಲ್ಲಿ ವಿಲೀನವಾಯಿತು.

ಬರಹ ಮತ್ತು ಸಮಾಜಸೇವೆ

ಕಹೂನ್ ಮಹಾನಗರದ ಪೊಲೀಸ್ ವ್ಯವಸ್ಥೆಯನ್ನು ಕುರಿತು 1796ರಲ್ಲಿ, ಥೇಮ್ಸ್ ನದಿಯ ವಾಣಿಜ್ಯ ಮತ್ತು ಕಾವಲನ್ನು ಕುರಿತು 1800ರಲ್ಲಿ, ಬಡತನವನ್ನು ಕುರಿತು 1806ರಲ್ಲಿ ಗ್ರಂಥಗಳನ್ನು ಪ್ರಕಟಿಸಿದರು. ಲಂಡನ್ನಿನ ಬಡವರಿಗಾಗಿ ಗಂಜಿಕೇಂದ್ರಗಳನ್ನು ನಡೆಸಲು ಶ್ರಮಿಸಿದರು.

ಮೌಲ್ಯಮಾಪನ

ಅಪರಾಧ ನಡೆದ ಮೇಲೆ ಶಿಕ್ಷಿಸುವುದಕ್ಕಿಂತ ನಡೆಯದಂತೆ ತಡೆಯುವುದೇ ಪೊಲೀಸರ ಕೆಲಸವೆಂಬ ಕಹೂನರ ನಿಲುವು 1829ರಲ್ಲಿ ರಾಬರ್ಟ್ ಪೀಲ್ ಸ್ಥಾಪಿಸಿದ ಪೊಲೀಸ್ ವ್ಯವಸ್ಥೆಗೆ ದಾರಿ ಮಾಡಿತೆಂದು ಪರಿಗಣಿಸಲಾಗಿದೆ. ಇದಕ್ಕೆ ಭಿನ್ನವಾಗಿ, ಪೀಟರ್ ಲೈನ್‌ಬಾ ಮೊದಲಾದ ಇತಿಹಾಸಕಾರರು ನದಿ ಪೊಲೀಸ್ ಪಡೆಯನ್ನು ದುಡಿಮೆಗಾರರ ರೂಢಿಯ ಹಕ್ಕುಗಳನ್ನು ಕಿತ್ತುಕೊಂಡ ಸಾಧನವೆಂದು ವಿಶ್ಲೇಷಿಸಿದ್ದಾರೆ. ಕಾವಲಿಗೆ ಒಳಪಟ್ಟ ಸಕ್ಕರೆ ವೆಸ್ಟ್ ಇಂಡೀಸ್ ತೋಟಗಳ ಗುಲಾಮರ ದುಡಿಮೆಯಿಂದ ಬಂದದ್ದೆಂಬುದು ಈ ಚರ್ಚೆಯಲ್ಲಿ ಮರೆಯಲಾಗದ ಸಂಗತಿ.