ಮೇಜಿನಾಟದಲ್ಲಿ ಹುಟ್ಟಿದ ಗೂಗ್ಲಿ

ಮಕ್ಕಳೇ, ಚೆಂಡನ್ನು ತಿರುಚಿ ಬಿಟ್ಟರೆ ಅದು ನೆಲಕ್ಕೆ ತಾಗಿದೊಡನೆ ಪಕ್ಕಕ್ಕೆ ಹೊರಳುವುದನ್ನು ನೀವು ನೋಡಿರಬಹುದು. ಇದನ್ನೇ ಬಿಡದೆ ಗಮನಿಸಿ, ಕ್ರಿಕೆಟ್‌ಗೆ ಹೊಸ ಎಸೆತವೊಂದನ್ನು ಕೊಟ್ಟವರು ಬರ್ನಾರ್ಡ್ ಬೊಸಾಂಕೆ.

ಬೊಸಾಂಕೆ 1877ರ ಅಕ್ಟೋಬರ್ 13ರಂದು ಇಂಗ್ಲೆಂಡಿನಲ್ಲಿ ಜನಿಸಿದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರು ಮಧ್ಯಮ ವೇಗದ ಬೌಲರ್. 1897ರ ಸುಮಾರಿಗೆ ಅವರಿಗೆ ಒಂದು ಮೇಜಿನಾಟದ ಗೀಳು ಹಿಡಿಯಿತು. ಟೆನಿಸ್ ಚೆಂಡನ್ನು ಮೇಜಿನ ಮೇಲೆ ಪುಟಿಸಬೇಕು, ಎದುರಿಗೆ ಕುಳಿತವನ ಕೈಗೆ ಅದು ಸಿಗಬಾರದು. ಎಡಕ್ಕೆ ಹೊರಳುವಂತೆ ತೋರಿಸಿ ಬಲಕ್ಕೆ ಹೊರಳಿಸಿದರೆ ಗೆಲುವು! ಮೇಜಿನ ಮೇಲೆ ಸಾಧ್ಯವಾದದ್ದು ಮೈದಾನದಲ್ಲಿ ಏಕೆ ಸಾಧ್ಯವಾಗಬಾರದು ಎಂದು ಅವರು ಯೋಚಿಸಿದರು. ಮೂರು ವರ್ಷ ಅಭ್ಯಾಸ ಮಾಡಿದರು.

ಇದು ಹೇಗೆ ಸಾಧ್ಯ? ತಿರುಗುವ ಚೆಂಡಿನ ಕೆಳಭಾಗ ನೆಲವನ್ನು ಒಂದು ಪಕ್ಕಕ್ಕೆ ಉಜ್ಜುತ್ತದೆ. ಆಗ ಘರ್ಷಣೆಯು ಚೆಂಡನ್ನು ಇನ್ನೊಂದು ಪಕ್ಕಕ್ಕೆ ತಳ್ಳುತ್ತದೆ. ಲೆಗ್ ಬ್ರೇಕ್ ಎಸೆತದಲ್ಲಿ ಚೆಂಡು ಬಲಗೈ ಬ್ಯಾಟ್ಸ್‌ಮನ್‌ನಿಂದ ದೂರಕ್ಕೆ ಹೊರಳುತ್ತದೆ. ಬೊಸಾಂಕೆ ಹಾಗೆಯೇ ಕೈ ಬೀಸಿ, ಮಣಿಕಟ್ಟನ್ನು ಮಾತ್ರ ಇನ್ನಷ್ಟು ಬಾಗಿಸಿದರು. ಚೆಂಡು ತಿರುಗುವ ದಿಕ್ಕು ಬದಲಾಗಿ, ಅದು ಬ್ಯಾಟ್ಸ್‌ಮನ್‌ನ ಕಡೆಗೇ ಹೊರಳಿತು. ಇದೇ ಗೂಗ್ಲಿ.

1900ರ ಜುಲೈನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಈ ಎಸೆತಕ್ಕೆ ಮೊದಲ ಹೆಸರಾಂತ ವಿಕೆಟ್ ದೊರೆಯಿತು. 98 ರನ್ ಗಳಿಸಿದ್ದ ಸ್ಯಾಮ್ಯುಯೆಲ್ ಕೋ ಸ್ಟಂಪ್ ಆದರು. ಆದರೆ ಚೆಂಡು ನಾಲ್ಕು ಸಲ ಪುಟಿದಿತ್ತು! ಜನ ಇದನ್ನು ತಮಾಷೆಯೆಂದುಕೊಂಡರು. ಬೊಸಾಂಕೆ ಮಾತ್ರ ಪ್ರಯತ್ನ ಬಿಡಲಿಲ್ಲ. 1904ರಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾದ ಎರಡನೇ ಇನಿಂಗ್ಸ್‌ನಲ್ಲಿ 51 ರನ್‌ಗೆ 6 ವಿಕೆಟ್ ಪಡೆದರು. ಆ ಪಂದ್ಯ ಗೆದ್ದು ಇಂಗ್ಲೆಂಡ್ ಆಷಸ್ ಸರಣಿಯನ್ನೂ ಗೆದ್ದಿತು. 1905ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ 107 ರನ್‌ಗೆ 8 ವಿಕೆಟ್ ಪಡೆದರು.

ಅವರು ಆಡಿದ್ದು 7 ಟೆಸ್ಟ್ ಮಾತ್ರ, ಪಡೆದದ್ದು 25 ವಿಕೆಟ್. ಆದರೆ ಅವರ ವಿದ್ಯೆ ಅವರೊಂದಿಗೇ ಮುಗಿಯಲಿಲ್ಲ. ಅವರಿಂದ ಕಲಿತ ರೆಗಿ ಶ್ವಾರ್ಟ್ಸ್ ಅದನ್ನು ದಕ್ಷಿಣ ಆಫ್ರಿಕಾಕ್ಕೆ ಒಯ್ದರು. 1907ರಲ್ಲಿ ಇಂಗ್ಲೆಂಡಿಗೆ ಬಂದ ಆ ತಂಡದಲ್ಲಿ ನಾಲ್ವರು ಗೂಗ್ಲಿ ಬೌಲರ್‌ಗಳಿದ್ದರು. ಆಸ್ಟ್ರೇಲಿಯನ್ನರು ಈ ಎಸೆತಕ್ಕೆ ಬೊಸಾಂಕೆ ಹೆಸರಿನಿಂದಲೇ 'ಬೋಸಿ' ಎಂದರು. ನಮ್ಮ ಬಿ. ಎಸ್. ಚಂದ್ರಶೇಖರ್, ಅನಿಲ್ ಕುಂಬ್ಳೆ ಅವರ ಬತ್ತಳಿಕೆಯಲ್ಲೂ ಗೂಗ್ಲಿ ಇತ್ತು. ಬೊಸಾಂಕೆ 1936ರ ಅಕ್ಟೋಬರ್ 12ರಂದು ನಿಧನರಾದರು.

ಮಾಡಿ ನೋಡಿ: ರಬ್ಬರ್ ಚೆಂಡನ್ನು ಮುಂದೆ ಹಿಡಿದು, ಅದರ ಮೇಲ್ಭಾಗ ಬಲಕ್ಕೆ ಹೊರಳುವಂತೆ ತಿರುಚಿ ನೇರವಾಗಿ ಕೆಳಗೆ ಬಿಡಿ. ಅದು ಯಾವ ಕಡೆಗೆ ಪುಟಿಯಿತು? ಈಗ ಎಡಕ್ಕೆ ತಿರುಚಿ ಬಿಡಿ. ಒರಟು ನೆಲ, ನುಣುಪು ನೆಲ ಎರಡರಲ್ಲೂ ಪರೀಕ್ಷಿಸಿ. ಎಲ್ಲಿ ಹೆಚ್ಚು ಹೊರಳಿತು, ಏಕೆ? ಗೆಳೆಯರೊಂದಿಗೆ ಚರ್ಚಿಸಿ.